ಷರಾ

ಚಿಕ್ಕಬಳ್ಳಾಪುರದ ಟೌನ್ ಕ್ಲಬ್ಬಿಗೆ ನಾನು ಹೋದದ್ದು
ಅಳತೆ ಟೇಪು, ಟಾರ್ಚು, ಒಂದು ಸಣ್ಣ ಬ್ಲೇಡು,
ಮೂರು ಪ್ರತಿ ನಮೂನೆ ಹಿಡಿದು.
ಗೋಡೆ ಒಡೆದು ಹಾಲ್ ಹಿಗ್ಗಿಸುವ ಮುಂಚೆ
ಕಟ್ಟಡಕ್ಕೆ ಮಹತ್ವ ಉಂಟೋ ಇಲ್ಲವೋ
ಯಾರಾದರೂ ಬರೆದುಕೊಡಬೇಕು.
ಉಂಟಾದರೆ ಎಷ್ಟು: ಹೆಚ್ಚು, ಸಾಧಾರಣ, ಅಲ್ಪ.
ಒಂದಕ್ಕೆ ಮಾತ್ರ ಗುರುತು ಹಾಕತಕ್ಕದ್ದು.

ಕಾರ್ಯದರ್ಶಿ ಬೈರಾರೆಡ್ಡಿಯವರು ಎಳನೀರು ತರಿಸಿದರು.
"ನೋಡ್ರಮ್ಮ, ಗೋಡೆಯೆಲ್ಲ ಗೆದ್ದಲು.
ಯುಗಾದಿಯೊಳಗೆ ಏಸಿ ಹಾಲು ಎದ್ದಿರ್ಬೇಕು."

ಬಣ್ಣ ಕೆರೆದೆ, ಕಾಸಿನಗಲ.
ಮೇಲೆ ಬಿಸ್ಕತ್ತಿನ ಬಣ್ಣ, ಅದರಡಿ ಆಸ್ಪತ್ರೆ ಹಸಿರು,
ಅದರಡಿ ಇನ್ನೊಂದು ಹಸಿರು,
ಯಾರ ಮದುವೆಗೋ ಬಳಿದ ಗುಲಾಬಿ,
ನೀಲಿ ಬೆರೆಸಿದ ಸುಣ್ಣ, ಬರೀ ಸುಣ್ಣ,
ಕೊನೆಗೆ ಗಾರೆ.
ಅಳಲೆಕಾಯಿ ಅರೆದು ಹಾಕಿದ್ದಾರೆಂದು ಬರೆದುಕೊಂಡೆ.
ನಾಲಿಗೆಗೆ ತಾಗಿಸಿ ಒಗರು ನೋಡಿದ್ದನ್ನು
ಬರೆಯಲಿಲ್ಲ.

ಮದ್ರಾಸು ತಾರಸಿ. ತೊಲೆ ಹದಿನಾಲ್ಕು, ಒಂದು ಬಾಗಿದೆ.
ಪಶ್ಚಿಮದ ಕಿಟಕಿಯಲ್ಲಿ ನಂದಿಬೆಟ್ಟ ಕಾಣುತ್ತಿತ್ತಂತೆ;
ಈಗ ಕಲ್ಯಾಣ ಮಂಟಪದ ನೀರಿನ ಟ್ಯಾಂಕು.

ಬಿಲಿಯರ್ಡ್ಸ್ ಕೋಣೆ.
ಮೇಜು ಮಾರಿ ಮೂವತ್ತು ವರ್ಷ.
ನೆಲ ಇನ್ನೂ ಅದನ್ನು ಸುತ್ತುತ್ತಿದೆ:
ಕೆಂಪು ಗಾರೆಯಲ್ಲಿ ಬೂಟು ಸವೆಸಿದ ಒಂದು ಉದ್ದನೆ ಬಳೆ.
ಗೋಡೆಯ ಅಂಕದ ಹಲಗೆಯಡಿ
ಎರಡು ಸಣ್ಣ ತಗ್ಗು, ಗೇಣಳತೆ ದೂರ.
ನನಗೆ ಮೈ ಜುಂ ಎಂದಿತು. ಗೀಚಿದೆ:
ಅಂಕ ಎಣಿಸುತ್ತ ನಿಂತವನ ಹಿಮ್ಮಡಿ,
ಎಂದೂ ಕೋಲು ಹಿಡಿಯದವನ
ನಲವತ್ತು ವರ್ಷದ ಸಂಜೆ—

"ಅಲ್ಲ ಮೇಡಮ್," ಎಂದ ವಾಚ್‌ಮನ್ ಪಿಳ್ಳಪ್ಪ.
"ಅದು ನೀರಿನ ಫಿಲ್ಟರಿನ ಸ್ಟ್ಯಾಂಡು.
ಮಾರ್ಕರು ನಮ್ಮಪ್ಪ. ಗುರ್ತು ಬಿಟ್ಟಿದ್ದಿದ್ರೆ
ಕೆಲಸದಲ್ಲಿ ಇಟ್ಕೊಂಡಿರ್ತಿದ್ರಾ?
ಆಟ ಮುಗಿದ್ಮೇಲೆ ದಿನಾ ರಾತ್ರಿ
ಅವನೇ ಒರೆಸ್ಬೇಕಿತ್ತು.
ಈಗ ನಾನೂ ಒರೆಸ್ತೀನಿ. ಆ ಕೈ ಬರಲ್ಲ."

ಬರೆದದ್ದಕ್ಕೆ ಗೆರೆ ಎಳೆದೆ.
ಟಾರ್ಚನ್ನು ನೆಲದ ಮೇಲೆ ಅಡ್ಡ ಮಲಗಿಸಿದೆ.

ಬೂಟು ನಡೆದಲ್ಲಿ ಮಂಕು.
ನಡೆಯದಲ್ಲಿ, ಬಾಗಿಲ ಹಿಂದೆ,
ಬೀರು ನಿಂತಿದ್ದ ಸಂದಿಯಲ್ಲಿ,
ಯಾವ ಮೆಂಬರೂ ಬಗ್ಗಿ ನೋಡದ ಮೂಲೆಯಲ್ಲಿ
ಕೈ ಚಾಚಿದರೆ ಕೈ ಮೂಡುವ ಹೊಳಪು.

ಕಟ್ಟಿಸಿದವರು: ಕ್ಲಬ್ಬಿನ ಸಂಸ್ಥಾಪಕ ಸದಸ್ಯರು, ಪಟ್ಟಿ ಲಗತ್ತು.
ಕಟ್ಟಿದವರು: ತಿಳಿದುಬಂದಿಲ್ಲ.
ಒರೆಸಿದವರಿಗೆ ಕಲಮಿಲ್ಲ.
ಕೆಳಗೆ, ಷರಾ ಎಂಬಲ್ಲಿ, ಇಕ್ಕಟ್ಟಾಗಿ ತುರುಕಿದೆ:
ನೆಲಕ್ಕೆ ಟೈಲ್ಸ್ ಹೊದಿಸಕೂಡದು.
ಮಾರ್ಕರ್ ಗಂಗುಲಪ್ಪ.
ಎರಡಕ್ಕೂ ಏನು ಸಂಬಂಧವೆಂದು
ಆಫೀಸಿನಲ್ಲಿ ಕೇಳುತ್ತಾರೆ, ಕೇಳಲಿ.

"ಸಾಧಾರಣ ಅಂತ ತಾನೆ ಹಾಕಿದ್ದು?"
ಬೈರಾರೆಡ್ಡಿಯವರು ಕನ್ನಡಕ ಹುಡುಕುತ್ತಿದ್ದರು.

ಮೆಟ್ಟಿಲಲ್ಲಿ ಚಪ್ಪಲಿ ಮೆಟ್ಟುವಾಗ
ಒಳಗೆ ಬಕೆಟ್ಟು ಎಳೆದ ಸದ್ದು.
ನಾನು ಕೆರೆದ ಬಣ್ಣ, ಪುಡಿಪುಡಿ,
ಗೋಡೆ ಬುಡದಲ್ಲೇ ಬಿಟ್ಟು ಬಂದಿದ್ದೆ.