ಮೊಹರು ಹದಿನೇಳು

ಗ್ದಿನಿಯಾದ ಮೀನುಮಾರುಕಟ್ಟೆಯ ಹಿಂದೆ
ಭಾನುವಾರದ ಹಳೆಸಾಮಾನಿನ ಸಾಲು.
ಒದ್ದೆ ರಟ್ಟಿನ ಮೇಲೆ, ಜೋಡಿಯಿಲ್ಲದ ಸ್ಕೇಟಿಂಗ್ ಬೂಟಿಗೂ
ಯಾರದೋ ಕನ್ನಡಕದ ಡಬ್ಬಿಗೂ ನಡುವೆ
ಕೂತಿತ್ತು ಅದು: ಬೆಳ್ಳಿ ಮೋರೆ, ನಾಲ್ಕು ತಿರುಗಣೆ,
ಐದನೆಯದರ ಜಾಗದಲ್ಲಿ ಬರೀ ಕಡ್ಡಿ.

"ವಿಂಟೇಜ್, ಅಜ್ಜಿ, ವಿಂಟೇಜ್," ಅಂದ ಗಡ್ಡದ ಹುಡುಗ,
"ಇಂಥದ್ದನ್ನು ಈಗ ಯಾರೂ ಮಾಡುವುದಿಲ್ಲ."
ನಾನು ಮಾತಾಡಲಿಲ್ಲ.
ಹನ್ನೊಂದು ವರ್ಷ ಇಂಥದ್ದರ ಹೊಟ್ಟೆ ನೋಡಿದವಳು ನಾನು,
ತಪಾಸಣೆಯ ಮೇಜು, ಬಿಳಿ ಕೋಟು, ಭೂತಗನ್ನಡಿ.
ಆಗ ಎರಡು ತಿಂಗಳ ಸಂಬಳಕ್ಕೂ ಎಟುಕದ್ದು
ಈಗ ಅರ್ಧ ಪಿಂಚಣಿ ಕೇಳುತ್ತಿದೆ.
ವೈರನ್ನು ಇಲಿ ಕಡಿದಿದೆ ಎಂದೆ. ನಲವತ್ತು ಇಳಿಸಿದ.
ಅಲುಗಿಸಿದರೆ ಒಳಗೇನೋ ಗಲಗಲ ಎನ್ನುತ್ತದಲ್ಲ ಎಂದೆ. ಇನ್ನಿಪ್ಪತ್ತು.
ಹನ್ನೆರಡು ಕಿಲೋ. ಶಾಲು ಹೊದಿಸಿ
ಟ್ರಾಲಿಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಬಂದೆ.
ಪಕ್ಕದ ಹೆಂಗಸು ಬೆಕ್ಕೇನೋ ಎಂದು ಇಣುಕಿದಳು.

ಅಡುಗೆಮನೆಯ ಮೇಜು. ಎಂಟು ತಿರುಪು.
ಮುಚ್ಚಳ ಎತ್ತಿದರೆ ಜೇಡನ ಮೂರು ತಲೆಮಾರು,
ಸಿಗರೇಟಿನ ಹಳದಿ ಧೂಳು,
ಮತ್ತೆ ಒಂದು ಹಾಲುಹಲ್ಲು. ಗಲಗಲ ಎಂದದ್ದು ಅದೇ.
ತೊಳೆದು ಸಕ್ಕರೆ ಡಬ್ಬಿಯ ಪಕ್ಕ ಇಟ್ಟೆ,
ಯಾರಾದರೂ ಕೇಳಿಕೊಂಡು ಬಂದಾರು.

ಕೆಪಾಸಿಟರುಗಳು ಉಬ್ಬಿ ಕೂತಿದ್ದವು
ಬೈಸಿಕೊಂಡ ಮಕ್ಕಳ ಕೆನ್ನೆಯ ಹಾಗೆ.
ಒಂದೊಂದನ್ನೇ ಕಿತ್ತು, ಧನ ಋಣ ಎರಡೆರಡು ಸಲ ನೋಡಿ
ಹೊಸದು ಕೂರಿಸಿದೆ.
ರಾಳದ ಹೊಗೆ ಮೂಗಿಗೆ ಬಡಿದದ್ದೇ
ಮೂವತ್ತೊಂದರ ಹೆಂಗಸೊಬ್ಬಳು ನನ್ನೊಳಗೆ ಬೆನ್ನು ನೆಟ್ಟಗೆ ಮಾಡಿದಳು.
ವಾಲ್ಯೂಮಿನ ಸಂದಿಗೆ ಸ್ಪಿರಿಟ್ ಬಿಟ್ಟು
ಆಚೆ ಈಚೆ ಐವತ್ತು ಸಲ ತಿರುಗಿಸಿದೆ.

ಆಗ ಕಂಡಿತು, ಎಡ ಚಾನೆಲ್ಲಿನ ಹಲಗೆಯ ಮೂಲೆಯಲ್ಲಿ
ಒಂದು ಬೆಸುಗೆ.
ಬೆಸುಗೆಯೇ ಅದು? ಬೂದುಬಣ್ಣದ ಉಂಡೆ, ಹೊಳಪಿಲ್ಲ, ಓರೆ,
ಗುಬ್ಬಿ ಹಿಕ್ಕೆ ಹಾಕಿ ಹಾರಿಹೋದ ಹಾಗೆ.
ಇದು ಲುದ್ವಿಕಾಳ ಕೈ. ನೂರು ಕೈಗಳ ನಡುವೆಯೂ ಗುರುತಿಸಬಲ್ಲೆ.
ಇಂಥದ್ದಕ್ಕೇ ಎಷ್ಟು ಹಲಗೆ ಹಿಂದಕ್ಕೆ ತಳ್ಳಿದ್ದೆ,
ಎಷ್ಟು ತಿಂಗಳು ಅವಳ ಬೋನಸ್ಸು
ನನ್ನ ಪೆನ್ಸಿಲ್ಲಿನ ತುದಿಯಲ್ಲಿ ಕರಗಿತ್ತು.
ಕೊನೆಗೆ ಕ್ಯಾಂಟೀನಿನಲ್ಲಿ ನನ್ನ ಮೇಜಿಗೆ ಬರುವುದನ್ನೇ ಬಿಟ್ಟಳು.
ಹಾಗಾದರೆ ಇದನ್ನು ಪಾಸು ಮಾಡಿದ ಕುರುಡಿ ಯಾರು?
ಕನ್ನಡಕ ಏರಿಸಿ ಬಗ್ಗಿದೆ.
ಉಂಡೆಯ ಪಕ್ಕದಲ್ಲೇ, ನೇರಳೆ ಮಸಿ, ದುಂಡಗೆ:
ಹದಿನೇಳು.

ನನ್ನದು.

ತಾರೀಖೂ ಇತ್ತು. ಡಿಸೆಂಬರ್ ಇಪ್ಪತ್ತೊಂದು.
ಓ. ಬಂದರಿಗೆ ಕಿತ್ತಳೆಯ ಹಡಗು ಬಂದ ದಿನ.
ಮಧ್ಯಾಹ್ನಕ್ಕೇ ಸುದ್ದಿ ಹಬ್ಬಿ
ಇಡೀ ಶಿಫ್ಟು ಕೋಟಿನ ಗುಂಡಿ ಹಾಕುತ್ತಲೇ ಬೆಸೆದಿತ್ತು;
ನಾನೂ ನೋಡದೆ ಒತ್ತಿರಬೇಕು, ಟಪ್, ಟಪ್, ಟಪ್.
ಕ್ಯೂನಲ್ಲಿ ನನಗಿಂತ ಮೂರು ಜನ ಮುಂದೆ ಲುದ್ವಿಕಾ.
ಅವಳ ಚೀಲ ತುಂಬಿತು. ನನ್ನ ಸರದಿಗೆ ಮುಗಿದಿತ್ತು.
ನ್ಯಾಯವೇ.

ಕಾದ ಬೆಸುಗೆಕಡ್ಡಿ ಕೈಯಲ್ಲೇ ಇತ್ತು.
ಉಂಡೆಯ ಹತ್ತಿರಕ್ಕೆ ಒಯ್ದೆ.
ನಲವತ್ತನಾಲ್ಕು ವರ್ಷ ಹಿಡಿದುಕೊಂಡಿದೆ.
ಕಡ್ಡಿಯನ್ನು ಸ್ಟ್ಯಾಂಡಿಗೆ ಮರಳಿಸಿದೆ.

ಮೊದಲ ಸಲ ಪ್ಲಗ್ಗು ಚುಚ್ಚುವಾಗ
ನಡುವೆ ಒಂದು ಅರವತ್ತು ವಾಟಿನ ಬಲ್ಬು ಕಟ್ಟಬೇಕು.
ಭಗ್ಗೆಂದು ಉರಿಯುತ್ತಲೇ ಇದ್ದರೆ ಒಳಗೆ ಹೆಣ,
ಉರಿದು ಮಂಕಾದರೆ ಜೀವ.
ಉರಿಯಿತು.
ಉರಿಯಿತು.
ಮಂಕಾಯಿತು.

ರೇಡಿಯೋ ಮುಳ್ಳನ್ನು ಈ ತುದಿಯಿಂದ ಆ ತುದಿಗೆ ನಡೆಸಿದೆ.
ಅರವತ್ತಾರರಿಂದ ಎಪ್ಪತ್ತಮೂರು, ಆಗಿನ ನಮ್ಮ ಅಲೆಗಳು.
ಈಗ ಅಲ್ಲಿ ಯಾರೂ ಇಲ್ಲ,
ಎಲ್ಲರೂ ಮೇಲಿನ ಅಂತಸ್ತಿಗೆ ಮನೆ ಬದಲಿಸಿದ್ದಾರೆ.
ಬರೀ ಶ್‌ಶ್. ಆದರೆ ಎಂಥ ಚೊಕ್ಕ ಶ್‌ಶ್!
ಗುಂಯ್ ಇಲ್ಲ, ಕರಕರ ಇಲ್ಲ.
ತಪಾಸಣೆಯವಳಿಗೆ ಇದೇ ಸಂಗೀತ. ಕಾಲು ಗಂಟೆ ಕೇಳಿದೆ.

ಆಮೇಲೆ ತಟ್ಟೆ ಹಾಕಿದೆ,
ಎರಡು ಜ್ಲೋಟಿಗೆ ತಂದದ್ದು, ಹೆಸರಿನ ಚೀಟಿ ಹರಿದಿದೆ.
ಕೆಳಗಿನ ಮನೆಯ ತದೆವುಷ್ ಎರವಲು ಕೊಟ್ಟ ಸ್ಪೀಕರುಗಳು.
ಬಲಗಡೆ ಯಾವುದೋ ದಪ್ಪ ದನಿಯ ವಾದ್ಯ,
ಕಪಾಟಿನ ಗಾಜುಲೋಟಗಳು ಒಂದಕ್ಕೊಂದು ಭುಜ ತಾಗಿಸಿದವು.
ಎಡಗಡೆ ಪಿಟೀಲುಗಳು, ಹನ್ನೆರಡೋ ಹದಿನಾಲ್ಕೋ,
ಅಷ್ಟೂ ಆ ಗುಬ್ಬಿ ಹಿಕ್ಕೆಯ ಮೇಲೇ ಹಾದು ಬರಬೇಕು,
ಬಂದವು, ಒಂದೂ ಎಡವದೆ.

ನಡುವೆ ಯಾರೋ ವಾದಕ ಮೆಲ್ಲಗೆ ಕೆಮ್ಮಿದ.
ಅವನನ್ನೂ ಪಾಸು ಮಾಡಿದೆ.