ತಲಿಗೆ ನೀರು

ಕುಂದರ್ರಿ. ಕ್ಲಿಪ್ಪು ತೆಗೀರಿ.
ತೀನ್ ಕಂದೀಲಿನಿಂದ ನಡಕೊಂತ ಬಂದ್ರೇನು?
ಬೆವರಿಗೆ ಬುಡ ಎಲ್ಲಾ ಸುರುಳಿ ಸುತ್ಯಾವ,
ಹೀರಿಬಳ್ಳಿ ಕುಡಿಯಂಗ.

ನಾಕು ತಾಸು ಹಿಡಿತದ. ಕರೆಂಟು ಹೋದ್ರ ಐದು.
ಹೊಗಿ ಕಣ್ಣಿಗೆ ಉರಿ, ಕಿಟಕಿ ತೆಗೀತೀನಿ,
ಗಂಜಿನ ಮೆಣಸಿನಕಾಯಿ ಘಾಟೂ ಅದರ ಜೋಡಿ ಬರ್ತದ,
ಯಾವುದರ ಕಣ್ಣೀರು ಅಂತ ಕೇಳಬ್ಯಾಡ್ರಿ.

ನಾ ಮಾಡೋದು ಒಂದು ಪಾಲು,
ನೀವು ಮನ್ಯಾಗ ಕಾಯೋದು ಮೂರು ಪಾಲು.
ಮೂರು ದಿನ ತಲಿಗೆ ನೀರು ತಾಕಬಾರದು.
ಜಡಿ ಹಾಕಬಾರದು, ಕಿವಿ ಹಿಂದ ಸಿಗಿಸಬಾರದು,
ಪಿನ್ನು, ರಬ್ಬರು, ಮಲ್ಲಿಗಿ, ಏನೂ ಬ್ಯಾಡ.
ಮಗ್ಗಲಾಗಿ ಮಲಗಬ್ಯಾಡ್ರಿ, ಅಂಗಾತ, ಹೆ...
ತೋಬಾ. ಅಂಗಾತ ಅಂದ್ರ ಸಾಕು.
ಅನ್ನದ ಹಬಿಗೂ ನಿಲ್ಲಬಾರದು,
ಗಂಜಿ ಗಂಡ ಬಸೀಲಿ, ಕೈ ಸವಿಯಂಗಿಲ್ಲ.

ಆಮ್ಯಾಲೆ ಬೋರಿನ ನೀರು.
ಕೊಡದ ತಳಕ್ಕ ಸುಣ್ಣ ಕಟ್ಟೋ ನೀರು
ನಿಮ್ಮ ಕೂದಲ ಬಿಡ್ತದೇನು?
ಕಡೀಕ ಎರಡು ತಂಬಿಗಿ ಕುಡಿಯೋ ನೀರು ಹಾಕ್ರಿ.
ಉಪ್ಪಿಲ್ಲದ ಶಾಂಪು, ವಾರಕ್ಕ ಎರಡೇ ಸಲ.
ಹಿಂಗ ಕಾದ್ರ ಐದು ತಿಂಗಳು.
ಕಾಯದಿದ್ರ...
ಸಿಕ್ಕು ಬಿಡಸ್ತೀನಿ, ಸೂಗಮ್ಮನ ಕತಿ ಹೇಳ್ತೀನಿ,
ತಲಿ ಅಳ್ಳಾಡಿಸಬ್ಯಾಡ್ರಿ.

ಹತ್ತಿ ಜಿನ್ನಿನಾಗ ತೂಕ ಬರಿಯಾಕಿ.
ಸಂಜಿಗೆ ನೋಡಬೇಕು, ತಲಿ ತುಂಬ ಅರಳಿ,
ಗುಂಗುರಿನಾಗ ಹೊಕ್ಕದ್ದು ಹೊರಗ ಬರಂಗಿಲ್ಲ.
ಸೋದರತ್ತಿ ನರಸಮ್ಮ, ಸಿರವಾರದಾಕಿ,
ಮದುವಿ ಇರಲಿ, ಕುಬಸ ಇರಲಿ, ಮಂದಿ ನಡುವ ಕೂಗತಿದ್ಲಂತ:
"ಕುರಿ ಬಂತು ನೋಡ್ರಿ,
ಉಣ್ಣಿ ಕತ್ತರಿಸವ್ರು ಯಾರರ ಅದೀರೇನು?"
ಹದಿನಾಕರಿಂದ ಕೇಳಿ ಕೇಳಿ
ಮೂವತ್ತೊಂದಕ್ಕ ಚೀಟಿ ಎತ್ತಿ ನನ್ನ ಹತ್ರ ಬಂದ್ಲು.
ಐದು ಸಾವಿರ, ಎಲ್ಲಾ ನೂರರ ನೋಟು.
"ಬರೋ ಐತವಾರ ಅತ್ತಿ ಮೊಮ್ಮಗನ ತೊಟ್ಟಲು.
ಆಕಿ ಮುಂದ ಒಂದು ಸಲ ಹಾಯ್ದು ಹೋಗಬೇಕ್ರೀ," ಅಂದ್ಲು,
ಕೈ ಹಿಂಗ ಮಾಡಿ ತೋರಿಸಿದ್ಲು, ನೀರು ಹರದಂಗ.

ಆವತ್ತು ಕನ್ನಡಿ ನೋಡಿ ಮಾತಾಡಲಿಲ್ಲ.
ತಲಿ ಹೊಳ್ಳಿಸ್ತಿದ್ಲು,
ಕೂದಲ ಒಂದು ಗಳಿಗಿ ತಡ ಮಾಡಿ ಹಿಂದಿಂದ ಬರ್ತಿತ್ತು.
ಮತ್ತ ಹೊಳ್ಳಿಸ್ತಿದ್ಲು.

ಎರಡನೇ ದಿನ ನಸುಕಿನ್ಯಾಗ ಫೋನು.
"ಅತ್ತಿ ಹೋದ್ಲು, ಖಾಜಾಬನಿ."
"ಎಲ್ಲಿಗೆ?" ಅಂದೆ, ನಿದ್ದಿಗಣ್ಣು.
"ರಾತ್ರಿ ಎದಿ ನೋವು ಅಂದ್ಲಂತ. ಮಧ್ಯಾಹ್ನ ಮಣ್ಣು."
ಸುಮ್ಮನಾದ್ಲು. ನನಗ ತಿಳೀತು, ನಾನೂ ಸುಮ್ಮನಿದ್ದೆ.
"ಮಣ್ಣಿನಿಂದ ಬಂದು ನೀರು ಹಾಕ್ಕೋಬೇಕಲ್ರೀ.
ಹೆಗಲಿಗೆ ಹಾಕ್ಕೊಂಡ್ರ ನಡೀತದೇನು?"

ಹೈದರಾಬಾದಿನಾಗ ಆರು ತಿಂಗಳು ಕಲ್ತೀನಿ,
ಇದರ ಪಾಠ ಇರಲಿಲ್ಲ.
ಪ್ಲಾಸ್ಟಿಕ್ ಟೊಪ್ಪಿಗಿ ಅಂತ ನಾಲಿಗಿ ತುದಿಗೆ ಬಂತು,
ನುಂಗಿದೆ.

ಹಾಕ್ಕೊಂಡ್ಲು. ಹಿತ್ತಲದಾಗ, ಬೋರಿನ ನೀರು, ಐದು ಕೊಡ.
ಮಂದಿ ಅಂದ್ರಂತ: "ಅತ್ತಿ ಮ್ಯಾಲೆ ಎಷ್ಟು ಜೀವ ಇತ್ತು,
ನೀರು ಬಿದ್ದ ಕೂಡಲೇ ಹೆಂಗ ಅತ್ಲು ನೋಡ್ರಿ."
"ಯಾತಕ್ಕ ಅತ್ನೆಂಬೋದು ನನಗೂ ಗೊತ್ತಿಲ್ಲ,"
ತಿಂಗಳಾದ ಮ್ಯಾಲೆ ಇದೇ ಕುರ್ಚಿನಾಗ ಕುಂತು ಹೇಳಿದ್ಲು.
ಕಿವಿ ಮಗ್ಗಲು ನೆಟ್ಟಗ ಇದ್ದವು,
ನೆತ್ತಿಯಿಂದ ಬೆನ್ನಿನತನಕ ಡೊಂಕು,
ನೀರು ಇಳಿದ ಹಾದಿ ಹಾಂಗೇ ಕಾಣತಿತ್ತು.
ಪುಕ್ಕಟೆ ಮಾಡ್ತೀನಿ ಅಂದೆ.
"ಈಗ ಯಾರಿಗೆ ತೋರಸ್ಲಿ?"
ಚಾ ಕುಡದ್ಲು, ಹುಬ್ಬು ಮಾಡಿಸಿಕೊಂಡ್ಲು,
ಮೂವತ್ತು ರೂಪಾಯಿ ಇಟ್ಟು ಹೋದ್ಲು.

ಅಳ್ಳಾಡಿಸಬ್ಯಾಡ್ರಿ ಅಂದ್ರೂ ಅಳ್ಳಾಡಿಸಿದ್ರಿ.

ಅದಕ್ಕ, ಬಾಟಲಿ ಬಿರಡಿ ತೆಗಿಯೋ ಮೊದಲ
ಈಗ ಎಲ್ಲಾರಿಗೂ ಒಂದು ಮಾತು ಕೇಳ್ತೀನಿ,
ತಪ್ಪು ತಿಳೀಬ್ಯಾಡ್ರಿ:
ಮನ್ಯಾಗ ಹಿರೇರು
ಎಲ್ಲಾ ಆರಾಮ ಅದಾರೇನು?