ಟೋಪಿ

ಮುಖ ನೋಡಿ ಮಣೆ ಹಾಕಬೇಡ, ಅಂದ ಹೆಸ್ಕೆತ್ ಮುದುಕ,
ಬಿಲ್ಲೆಯ ಬೆನ್ನು ನೋಡು.
ಅಚ್ಚೊತ್ತಿದ್ದಾದರೆ ಜಿಂಕೆಯ ಪ್ರತಿ ಪಕ್ಕೆಲುಬೂ
ಹಿಂದೆ ಹಳ್ಳವಾಗಿ ಇಳಿದಿರುತ್ತದೆ.
ಎರಕದ್ದಕ್ಕೆ ಸಿಡುಬಿನ ಕಲೆ.
ಹಳೇ ಬಣ್ಣ ಬರಲೆಂದು ಚಹಾದಲ್ಲಿ ನೆನೆಹಾಕುತ್ತಾರೆ, ಮೂಸು.

ಟಾಡ್‌ಮರ್ಡನ್ ಸಂತೆ, ಮಂಗಳವಾರ.
ಮೀನಂಗಡಿ ಪಕ್ಕದ ನಮ್ಮ ಮೇಜಿಗೆ ಬಂದು
ಶೆರಿಲ್ ಆಗ್ಡನ್ ಕರವಸ್ತ್ರದ ಗಂಟು ಬಿಚ್ಚಿದಳು:
"ಅಜ್ಜನ ಟೋಪಿಯದು. ಫ್ರಾನ್ಸಿನಲ್ಲಿ ತೀರಿಕೊಂಡ."

ತಿರುಗಿಸಿದೆ. ಸಿಡುಬು.
ಕೊಂಡಿಯ ಬೆಸುಗೆ ಒರಟೊರಟು.
ಯಾರೋ ನಿಮಗೆ ಟೋಪಿ ಹಾಕಿದ್ದಾರೆ ಅನ್ನಲು ಬಾಯಿ ತೆರೆದೆ;
ಹೆಸ್ಕೆತ್ ಮೇಜಿನಡಿ ನನ್ನ ಕಾಲು ತುಳಿದ.

ಭೂತಗನ್ನಡಿ ಕಸಿದು ತಾನೇ ಮುಂಬದಿಗೆ ಹಿಡಿದ.
ಜಿಂಕೆಗೆ ಮೂಗಿಲ್ಲ. ಕಣ್ಣು ಸವೆದು ಬರೀ ತಗ್ಗು.
ಅಕ್ಷರದ ಸಂದಿಗಳಲ್ಲಿ ಪಾಲಿಶ್ಶಿನ ಬಿಳಿ ಹಿಟ್ಟು.
"ಯಾರು ಉಜ್ಜುತ್ತಿದ್ದುದು?"
"ಅಜ್ಜಿ. ಭಾನುವಾರ, ಚರ್ಚಿಗೆ ಮುಂಚೆ. ಆಮೇಲೆ ಅಮ್ಮ.
ಈಗ ನಾನು, ನೆನಪಾದಾಗ."

ಇಷ್ಟು ಸವೆಸುವುದು ಯಾವ ಖದೀಮನ ಕೈಲೂ ಆಗದು,
ಅಂದ ಮುದುಕ. ಅದೇನೋ ನಿಜವೇ.
ಬೆಲೆ ಅವನು ಹೇಳಲಿಲ್ಲ, ಅವಳು ಕೇಳಲಿಲ್ಲ.
ಗಂಟು ಕಟ್ಟಿಕೊಂಡು ಮೀನಿನ ಸಾಲಿಗೆ ಹೋಗಿ ನಿಂತಳು.

ಹೆಸ್ಕೆತ್ ಇನ್ನೊಂದು ಬಿಲ್ಲೆ ನನ್ನ ಅಂಗೈಗಿಟ್ಟ.
"ಬೆನ್ನು," ಅಂದ.